ಗೊಂಬೆ ಮೆಟ್ಟಿಲಿಗೂ ಸೋಫಾಗೂ ನಡುವೆ ಕರಾಟೆ

ಮೈಸೂರಲ್ಲಿ ಕರಾಟೆ ಮಾಡುವವರಿಗೆ ನವರಾತ್ರಿಯಿಂದ ಬಲಿಪಾಡ್ಯಮಿವರೆಗಿನ ಸಮಯ ತುಂಬಾ ಕಷ್ಟದ್ದು. ಮಕ್ಕಳು ರಜೆಗೆ ಊರು ಸೇರುತ್ತಾರೆ, ಕ್ಲಾಸ್ ಅರ್ಧ ಖಾಲಿ. ನಮ್ಮ ಮನೆ ಮಾತ್ರ ಭರ್ತಿ. ಜಂಬೂ ಸವಾರಿ ನೋಡಲು ನೆಂಟರೆಲ್ಲ ಇಲ್ಲಿಗೇ ಬರುತ್ತಾರಲ್ಲ! ಸಂಜೆ ಆರಕ್ಕೆ ಕ್ಲಾಸ್, ಆರಕ್ಕೇ ಗೊಂಬೆ ಆರತಿ. ಯಾವುದು ಗೆಲ್ಲುತ್ತದೆ ಅಂತ ಬೇರೆ ಹೇಳಬೇಕಾ?

ನಾನು ಕಲಿಯುತ್ತಿರುವುದು ಶೋಟೋಕಾನ್ ಅನ್ನುವ ಕರಾಟೆ ಶೈಲಿ. ಹಬ್ಬದ ದಿನಗಳಲ್ಲಿ ಹೊಸದೇನಾದರೂ ಕಲಿಯುತ್ತೇನೆ ಅನ್ನುವ ಆಸೆ ಇಟ್ಟುಕೊಳ್ಳುವುದಿಲ್ಲ. ಇದ್ದದ್ದು ಹೋಗಬಾರದು, ಅಷ್ಟೇ. ಕಟಾ ಅಂದರೆ ಏಟು, ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವುದು; ಆ ಕ್ರಮ ಅಷ್ಟು ಸುಲಭಕ್ಕೆ ಮರೆಯಲ್ಲ. ಮೊದಲು ಕೈಕೊಡುವುದು ಸೊಂಟ, ತೊಡೆ. ಸ್ವಲ್ಪ ದಿನ ಬಿಟ್ಟರೆ ಸಾಕು, ಬಗ್ಗಿ ನಿಲ್ಲಬೇಕಾದವರು ನಮಗೇ ಗೊತ್ತಾಗದ ಹಾಗೆ ಮೇಲೆದ್ದಿರುತ್ತೇವೆ. ಹಾಗಾಗಿ ಹಬ್ಬದ ಪ್ರಾಕ್ಟೀಸ್ ಪೂರ್ತಿ ಕಾಲಿಗೇ ಮೀಸಲು.

ಇನ್ನು ಜಾಗದ ತಾಪತ್ರಯ. ಹಾಲ್‌ನಲ್ಲಿ ಪಟ್ಟದ ಗೊಂಬೆಗಳು ಕೂತವೆಂದರೆ, ಸೋಫಾ ಗೋಡೆಗೆ ತಳ್ಳಿದರೂ ಉಳಿಯುವುದು ನಾಲ್ಕಡಿ ಅಗಲದ ಓಣಿ. ಹೇಯಾನ್ ಕಟಾಗಳು ಅಲ್ಲಿ ಆಗುವುದಿಲ್ಲ, ಹಿಂದೆ ಮುಂದೆ ದೊಡ್ಡ ಹೆಜ್ಜೆ ಹಾಕಬೇಕು. ಟೆಕ್ಕಿ ಶೋದಾನ್ ಅನ್ನುವ ಕಟಾ ಆಗುತ್ತದೆ. ಇಡೀ ಕಟಾ ನಡೆಯುವುದು ಎಡ-ಬಲ ಒಂದೇ ಗೆರೆಯಲ್ಲಿ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕುದುರೆ ಮೇಲೆ ಕೂತ ಹಾಗೆ ಮಂಡಿ ಬಗ್ಗಿಸಿ ನಿಲ್ಲುವ ಕಿಬಾ ದಾಚಿಯಲ್ಲೇ ಶುರುವಿಂದ ಕೊನೆವರೆಗೆ. ತೊಡೆಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಅದರಲ್ಲಿ ನಾಮಿ ಗಾಯೇಶಿ ಅಂತ ಒಂದು ಚಲನೆ ಬರುತ್ತದೆ. ಪಾದವನ್ನು ಒಳಗಡೆಗೆ ಚಕ್ಕನೆ ಎತ್ತಿ, ಎಲ್ಲಿತ್ತೋ ಅಲ್ಲೇ ವಾಪಸ್ ಇಡಬೇಕು. ಕ್ಲಾಸಲ್ಲಾದರೆ ಧಡ್ ಅಂತ ಇಟ್ಟರೂ ನಡೆಯುತ್ತದೆ. ಮನೆಯಲ್ಲಿ ಬೆಳಗಿನ ಜಾವ ಐದು ಗಂಟೆ, ಪಕ್ಕದ ರೂಮಲ್ಲಿ ನೆಂಟರು ಮಲಗಿದ್ದಾರೆ, ಪಕ್ಕದಲ್ಲೇ ಹಲಗೆ ಜೋಡಿಸಿದ ಗೊಂಬೆ ಮೆಟ್ಟಿಲು. ಕಾಲು ಜೋರಾಗಿ ಬಿದ್ದರೆ ಗಾಜಿನ ಗೊಂಬೆಗಳು ಕಿಣಿಕಿಣಿ ಅನ್ನುತ್ತವೆ. ಸದ್ದಿಲ್ಲದೆ ಪಾದ ಇಳಿಸಬೇಕೆಂದರೆ ಇನ್ನೊಂದು ಕಾಲಿನ ಮೇಲೆ ಇಡೀ ಭಾರ ಹಿಡಿದು ನಿಲ್ಲಬೇಕು, ಸೊಂಟ ಮೇಲೇಳಬಾರದು. ಬೆವರು ಕಿತ್ತುಕೊಂಡು ಬರುತ್ತದೆ. ಮಾಸ್ಟರ್ ವರ್ಷವಿಡೀ ಹೇಳಿ ಹೇಳಿ ಸುಸ್ತಾಗಿದ್ದನ್ನು ಗೊಂಬೆಗಳು ಕಲಿಸಿದವು ಅನ್ನಿ.

ಒಂದೇ ಕಟಾ ಮಾಡಿದರೆ ಬೇಜಾರಾಗಲ್ವಾ ಅಂತ ಕೆಲವರು ಕೇಳುತ್ತಾರೆ. 1922ರಲ್ಲಿ ಓಕಿನಾವಾದಿಂದ ಟೋಕಿಯೋಗೆ ಕರಾಟೆ ಒಯ್ದ ಗಿಚಿನ್ ಫುನಾಕೋಶಿ, ಮೂರು ಟೆಕ್ಕಿ ಕಟಾಗಳನ್ನು ಕಲಿಯಲು ಹತ್ತು ವರ್ಷ ತೆಗೆದುಕೊಂಡರಂತೆ. ನಮಗೆ ಒಂದು ತಿಂಗಳಿಗೇ ಬೇಜಾರಾ?

ಸಮಯದ ವಿಷಯ ಅತ್ತೆ ಹತ್ತಿರ ಮೊದಲೇ ಮಾತಾಡಿಕೊಂಡೆ. "ಐದರಿಂದ ಐದೂಕಾಲರವರೆಗೆ ನನ್ನನ್ನು ಕರೀಬೇಡಿ ಅತ್ತೆ, ಆಮೇಲೆ ಎಲ್ಲ ಕೆಲಸಕ್ಕೂ ಸಿಗ್ತೀನಿ." ಅವರು ನಕ್ಕು, "ಮಾಡ್ಕೋ, ಆದ್ರೆ ಹಾಲು ಕಾಯೋಕೆ ಇಟ್ಟು ಮಾಡು" ಅಂದರು. ಹಾಗಾಗಿ ಒಲೆ ಮೇಲೆ ಸಣ್ಣ ಉರಿಯಲ್ಲಿ ಹಾಲು, ಹಾಲ್‌ನಲ್ಲಿ ನಾನು. ಕಾಲು ಗಂಟೆ ಸಾಕೇ ಸಾಕು. ಒಂದು ಗಂಟೆ ಮಾಡುತ್ತೇನೆ ಅಂದುಕೊಂಡರೆ ಹಬ್ಬದಲ್ಲಿ ಅದು ಆಗುವ ಮಾತಲ್ಲ. ಅಂದಹಾಗೆ, ಅಟ್ಟ ಗುಡಿಸಿದ್ದು, ಒಬ್ಬಟ್ಟಿಗೆ ಹೂರಣ ರುಬ್ಬಿದ್ದು ಎಲ್ಲ ವ್ಯಾಯಾಮವೇ ಅಲ್ವಾ ಅನ್ನುವವರಿದ್ದಾರೆ. ಅಲ್ಲ. ಅದು ಸುಮ್ನೆ ಸುಸ್ತು.

ಆಯುಧ ಪೂಜೆಗೆ ನಮ್ಮ ಕ್ಲಾಸಲ್ಲಿ ನಾನ್‌ಚಾಕು, ಬೋ ಕೋಲು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸುತ್ತೇವೆ. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವ ಹಾಗಿಲ್ಲ. ಕಾಲನ್ನೇನೂ ಪೂಜೆಗಿಟ್ಟಿಲ್ಲವಲ್ಲ, ಟೆಕ್ಕಿ ನಿಲ್ಲಲಿಲ್ಲ. ಮಾರನೇ ದಿನ ವಿಜಯದಶಮಿ, ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿ ಅಖಾಡಕ್ಕಿಳಿದು, ಮೊದಲ ಹನಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ಅವರಿಗೆ ಹಬ್ಬವೇ ಪರೀಕ್ಷೆ. ನನ್ನ ಕಾಲು ಗಂಟೆ ಯಾವ ಲೆಕ್ಕ!

ದೀಪಾವಳಿಯಲ್ಲಿ ಒಂದು ಎಚ್ಚರಿಕೆ. ನರಕ ಚತುರ್ದಶಿಯ ಪ್ರಾಕ್ಟೀಸ್ ಎಣ್ಣೆ ಸ್ನಾನಕ್ಕೆ ಮೊದಲೇ ಮುಗಿಯಬೇಕು. ಆಮೇಲೆ ಅಂಗಾಲಲ್ಲಿ ಎಣ್ಣೆ ಜಿಡ್ಡು, ಟೈಲ್ಸ್ ನೆಲ, ಜಾರುವುದು ಗ್ಯಾರಂಟಿ. ಸ್ನಾನ ಆಗಿ ಹೊಟ್ಟೆ ತುಂಬಿದ ಮೇಲೆ ಹೇಗೂ ನಿದ್ದೆ ಎಳೆಯುತ್ತದೆ.

ಹಬ್ಬ ಮುಗಿದು ಕ್ಲಾಸಿಗೆ ಹೋದಾಗ ಕಾಲು ಗಟ್ಟಿಯಾಗಿರುತ್ತದೆ, ಕುಮಿಟೆ, ಅಂದರೆ ಎದುರಾಳಿ ಜೊತೆಗಿನ ಕಾದಾಟ, ಮಾತ್ರ ಮೊದಲಿನ ಹಾಗಿರಲ್ಲ. ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಅನ್ನುವ ಅಂದಾಜು ಒಬ್ಬರೇ ಮಾಡಿದರೆ ಉಳಿಯುವುದಿಲ್ಲ. ಅದಕ್ಕೇ ಮೊದಲ ವಾರ ಮಾಸ್ಟರ್‌ಗೆ ಹೇಳಿ ಇಪ್ಪೋನ್ ಕುಮಿಟೆಗಷ್ಟೇ ನಿಲ್ಲುತ್ತೇನೆ. ಅದರಲ್ಲಿ ಎಲ್ಲಿಗೆ ಹೊಡೆಯುತ್ತೇನೆ ಅಂತ ಎದುರಿನವರು ಮೊದಲೇ ಹೇಳಿ ಒಂದೇ ಏಟು ಹಾಕುತ್ತಾರೆ. ಫ್ರೀ ಫೈಟ್ ಅದರ ಮುಂದಿನ ವಾರಕ್ಕೆ.