ಕೊಳವೆಯ ದಾರಿ ಗೊತ್ತುಮಾಡಿಕೊಂಡು ಕೂರಿಸಿದ ಅಡುಗೆಮನೆಯ ಚಿಮಣಿ

ಮೈಸೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಸಾಲಾಗಿ ಕಪಾಟುಗಳಿವೆ. ಅವನ್ನು ಕಿತ್ತುಹಾಕದೆ, ಅವುಗಳ ಕೆಳಗೇ ಚಿಮಣಿ ಕೂರಿಸಬೇಕೆಂದು ನಾನೂ ನನ್ನ ಪತ್ನಿಯೂ ನಿರ್ಧರಿಸಿದ ಮೇಲೆ, ಅಂಗಡಿಗೆ ಹೋಗುವುದಕ್ಕೆ ಮುಂಚೆ ನಾನು ಟೇಪು ಹಿಡಿದು ಗೋಡೆಯನ್ನು ಅಳೆದೆ. ಸಾಮಾನ್ಯವಾಗಿ ಹೀರುವ ಶಕ್ತಿಯ ಅಂಕಿಯನ್ನೂ ಹೊರಮೈಯ ಹೊಳಪನ್ನೂ ನೋಡಿ ಯಂತ್ರವನ್ನು ಮೊದಲು ಆರಿಸುತ್ತಾರೆ. ಹೊಗೆ ಹೊರಹೋಗುವ ಕೊಳವೆಯನ್ನು ಎಲ್ಲಿಂದ ಒಯ್ಯಬೇಕೆಂಬುದನ್ನು ಜೋಡಿಸಲು ಬಂದವರು ಆ ಗಳಿಗೆಯಲ್ಲಿ ತೀರ್ಮಾನಿಸುತ್ತಾರೆ. ನಾನು ಕೊಳವೆಯ ದಾರಿಯನ್ನು ಮೊದಲು ಗೊತ್ತುಮಾಡಿಕೊಂಡು, ಆ ದಾರಿಗೆ ಒಪ್ಪುವ ಚಿಮಣಿಯನ್ನು ಆಮೇಲೆ ಕೊಂಡೆ. ಈ ಕ್ರಮವೇ ಸರಿಯೆಂದು ನಾನು ದೃಢವಾಗಿ ನಂಬಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕಿಟಕಿಯ ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್ ಮೊದಲೇ ಇತ್ತು. ಅದು ಗಾಳಿಯನ್ನು ಹೊರಗೆ ಹಾಕುತ್ತಿತ್ತು ನಿಜ, ಆದರೆ ಒಲೆಯಿಂದ ಎದ್ದ ಹೊಗೆ ಅಲ್ಲಿಗೆ ತಲುಪುವಷ್ಟರಲ್ಲಿ ಅಡುಗೆಮನೆಯಲ್ಲೆಲ್ಲ ಹರಡಿಬಿಡುತ್ತಿತ್ತು. ಒಗ್ಗರಣೆಯಲ್ಲಿ ಸಿಡಿದ ಎಣ್ಣೆಯ ಸಣ್ಣ ಹನಿಗಳು ದಾರಿಯುದ್ದಕ್ಕೂ ಡಬ್ಬಿಗಳ ಮೇಲೆ, ಕಪಾಟಿನ ಬಾಗಿಲುಗಳ ಮೇಲೆ ಜಿಡ್ಡಾಗಿ ಕೂರುತ್ತಿದ್ದವು. ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಅದರ ಘಾಟು ನಡುಮನೆಯವರೆಗೂ ಹರಡುತ್ತಿತ್ತು. ಹೊಗೆಯನ್ನು ಎದ್ದ ಜಾಗದಲ್ಲಿಯೇ ಹಿಡಿಯಬೇಕು, ಚದುರಿದ ಮೇಲೆ ಹಿಡಿಯಲಾಗುವುದಿಲ್ಲ.

ಮೊದಲ ತೊಡಕು ಎತ್ತರದ್ದು. ಚಿಮಣಿ ತಯಾರಕರು ಒಲೆಗೂ ಚಿಮಣಿಯ ತಳಕ್ಕೂ ನಡುವೆ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಅಂತರ ಕೇಳುತ್ತಾರೆ. ಇದಕ್ಕಿಂತ ಹತ್ತಿರ ತಂದರೆ ಉರಿಯ ಶಾಖ ಫಿಲ್ಟರಿನಲ್ಲಿರುವ ಜಿಡ್ಡಿಗೆ ತಾಗುವ ಅಪಾಯವಿದೆ, ದೂರ ಇಟ್ಟರೆ ಹೊಗೆ ಮೇಲೇರುವಷ್ಟರಲ್ಲಿ ಅಗಲವಾಗಿ ಹರಡಿ ತಪ್ಪಿಸಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಒಲೆಯನ್ನು ಗ್ರಾನೈಟ್ ಕಟ್ಟೆಯ ಮೇಲೆ ಇಡುವುದರಿಂದ ಈ ಅಳತೆಯನ್ನು ಕಟ್ಟೆಯಿಂದ ಅಲ್ಲ, ಒಲೆಯ ಮೇಲ್ತುದಿಯಿಂದ ಹಿಡಿಯಬೇಕು. ನಮ್ಮ ಒಲೆಯ ಎತ್ತರ 12 ಸೆಂಟಿಮೀಟರ್. ಅದಕ್ಕೆ 65 ಸೇರಿಸಿದರೆ ಚಿಮಣಿಯ ತಳ ಕಟ್ಟೆಯಿಂದ 77 ಸೆಂಟಿಮೀಟರ್ ಮೇಲಿರಬೇಕು. ಚಿಮಣಿಯ ಮೈ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಕಪಾಟಿನ ತಳ 92 ಸೆಂಟಿಮೀಟರಿನಲ್ಲಿರಬೇಕು. ನಮ್ಮ ಕಪಾಟುಗಳ ತಳ ಇದ್ದದ್ದು ಕಟ್ಟೆಯಿಂದ 60 ಸೆಂಟಿಮೀಟರಿನಲ್ಲಿ. ಹೀಗಾಗಿ ಒಲೆಯ ನೇರಕ್ಕಿರುವ ಒಂದು ಕಪಾಟನ್ನು ಮಾತ್ರ ಬಡಗಿಯವರಿಂದ ಇಳಿಸಿ, 70 ಸೆಂಟಿಮೀಟರ್ ಎತ್ತರದ ಅದನ್ನು 38ಕ್ಕೆ ಕತ್ತರಿಸಿ, ಮತ್ತೆ ಮೇಲ್ಸಾಲಿಗೆ ಸರಿಯಾಗಿ ಕೂರಿಸಿದೆವು. ಕಪಾಟು ಈಗಿರುವ ಎತ್ತರದಲ್ಲಿಯೇ ಇರಲಿ, ಅದರಡಿಗೆ ಚಿಮಣಿ ಸಿಕ್ಕಿಸಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆ ಸಿಕ್ಕಿಸಿದ ಅಡುಗೆಮನೆಯಲ್ಲಿ ದೊಡ್ಡ ಕುಕ್ಕರನ್ನು ಒಲೆಯ ಮೇಲಿಟ್ಟರೆ ಸೀಟಿಯ ಹಬೆ ನೇರವಾಗಿ ಚಿಮಣಿಯ ದೀಪಕ್ಕೂ ಗುಂಡಿಗಳಿಗೂ ಬಡಿಯುತ್ತದೆ.

ಅಗಲದ ವಿಷಯ ಸುಲಭ. ಚಿಮಣಿ ಒಲೆಯಷ್ಟಾದರೂ ಅಗಲವಿರಬೇಕು, ಎರಡೂ ಬದಿಗೆ ಸ್ವಲ್ಪ ಚಾಚಿದ್ದರೆ ಇನ್ನೂ ಒಳ್ಳೆಯದು. ನಮ್ಮದು ಮೂರು ಬರ್ನರಿನ ಒಲೆ, ಕಪಾಟಿನ ಅಗಲ 90 ಸೆಂಟಿಮೀಟರ್ ಇತ್ತು. 90ರ ಚಿಮಣಿಯನ್ನೇ ತೆಗೆದುಕೊಂಡೆವು. ಆಳವನ್ನು ಮಾತ್ರ ಗಮನವಿಟ್ಟು ನೋಡಬೇಕು. ಗೋಡೆಕಪಾಟಿನ ಆಳ ಒಂದಡಿಯ ಆಸುಪಾಸು, ಅಡುಗೆ ಕಟ್ಟೆಯದು ಎರಡಡಿ. ಕಪಾಟಿನಷ್ಟೇ ಆಳವಿರುವ ಚಿಮಣಿ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಮುಂದಿನ ಬರ್ನರಿನ ಹೊಗೆ ಅದರ ಅಂಚನ್ನು ದಾಟಿ ಅಡುಗೆ ಮಾಡುವವರ ಮುಖಕ್ಕೇ ಬರುತ್ತದೆ. ನಾವು ಕಪಾಟಿನಿಂದ ಮುಂದಕ್ಕೆ ಚಾಚಿಕೊಳ್ಳುವ, ಸುಮಾರು 50 ಸೆಂಟಿಮೀಟರ್ ಆಳದ ಮಾದರಿಯನ್ನು ಆರಿಸಿದೆವು.

ಇನ್ನು ಕೊಳವೆ. ನಮ್ಮ ಒಲೆ ಆಗ್ನೇಯ ಮೂಲೆಯಲ್ಲಿದೆ, ಪೂರ್ವಕ್ಕೆ ಮುಖಮಾಡಿ ಅಡುಗೆ ಮಾಡುವ ಪದ್ಧತಿಯಂತೆ ಅದರ ಹಿಂದಿನ ಗೋಡೆಯೇ ಮನೆಯ ಹೊರಗೋಡೆ. ವಾಸ್ತುವನ್ನು ಯಾವ ಕಾರಣಕ್ಕೆ ಪಾಲಿಸಿದ್ದರೂ ಚಿಮಣಿಯ ಮಟ್ಟಿಗೆ ಇದೊಂದು ದೊಡ್ಡ ಅನುಕೂಲ, ಏಕೆಂದರೆ ಕೊಳವೆ ಯಾವ ಕೋಣೆಯನ್ನೂ ಹಾಯದೆ ನೇರವಾಗಿ ಹೊರಗೆ ಹೋಗಬಹುದು. ಆದರೆ ರಂಧ್ರ ಎಲ್ಲಿ ಕೊರೆಯಬೇಕೆಂದು ಗುರುತು ಹಾಕಿದಾಗ, ಕಪಾಟಿನೊಳಗಿಂದಲೇ ಗೋಡೆಗೆ ತಿರುಗಿಸಿದರೆ ಕೊಳವೆ ನೆಲದಿಂದ ಏಳಡಿ ಎತ್ತರದ ಸುಮಾರಿಗೆ ಬರುತ್ತಿತ್ತು. ಅದು ಲಿಂಟಲಿನ ಮಟ್ಟ. ಕಿಟಕಿ ಬಾಗಿಲುಗಳ ಮೇಲೆ ಮನೆಯ ಸುತ್ತ ಹಾಯುವ ಆ ಕಾಂಕ್ರೀಟ್ ಪಟ್ಟಿಯನ್ನು, ಅದರೊಳಗಿನ ಕಬ್ಬಿಣವನ್ನು ಯಾವ ಕಾರಣಕ್ಕೂ ಕೊರೆಯಬಾರದು. ಆದ್ದರಿಂದ ಕೊಳವೆಯನ್ನು ಕಪಾಟಿನ ಮೇಲ್ಭಾಗದಿಂದಲೂ ನೇರವಾಗಿ ಏರಿಸಿ, ಲಿಂಟಲಿಗಿಂತ ಮೇಲೆ, ಎಂಟಡಿ ಎತ್ತರದಲ್ಲಿ ಗೋಡೆಗೆ ತಿರುಗಿಸಿದೆವು. ಒಟ್ಟು ಉದ್ದ ಒಂದು ಮೀಟರನ್ನು ಸ್ವಲ್ಪ ಮೀರಿತು, ತಿರುವು ಒಂದೇ. ಆ ತಿರುವನ್ನೂ 90 ಡಿಗ್ರಿಯ ಒಂದೇ ಚೂಪಾದ ಬೆಂಡಿನಿಂದ ಮಾಡದೆ 45 ಡಿಗ್ರಿಯ ಎರಡು ತುಂಡುಗಳನ್ನು ಜೋಡಿಸಿ ಮಾಡಿದೆವು, ಗಾಳಿ ಸರಾಗವಾಗಿ ಹೊರಳಲಿ ಎಂದು.

ಕೊಳವೆಯ ವ್ಯಾಸದಲ್ಲಿ ಉಳಿತಾಯ ಮಾಡಲೇಬಾರದು. ಚಿಮಣಿಯ ಬಾಯಿ 150 ಮಿಲಿಮೀಟರ್, ಅಂದರೆ ಆರಿಂಚು ಇದ್ದರೆ ಹೊರಗಿನವರೆಗೂ ಅಷ್ಟೇ ವ್ಯಾಸ ಇರಬೇಕು. ಹಳೆಯ ನಾಲ್ಕಿಂಚಿನ ರಂಧ್ರವಿದೆಯಲ್ಲ, ಅದಕ್ಕೇ ಕಿರಿದು ಮಾಡಿ ಜೋಡಿಸೋಣ ಎಂಬ ಸಲಹೆ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ನಾಲ್ಕಿಂಚಿನ ಕೊಳವೆಯ ಬಾಯಿಯ ವಿಸ್ತೀರ್ಣ ಆರಿಂಚಿನದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟೇ ಗಾಳಿ ಅದರಲ್ಲಿ ಹೋಗಬೇಕಾದರೆ ವೇಗ ಎರಡು ಪಟ್ಟಿಗಿಂತ ಹೆಚ್ಚಾಗಬೇಕು, ತಡೆ ವೇಗದ ವರ್ಗದಂತೆ ಏರುವುದರಿಂದ ಅದು ಐದು ಪಟ್ಟಿಗೂ ಮಿಗಿಲಾಗುತ್ತದೆ. ಮೋಟಾರು ಅಷ್ಟು ಒತ್ತಡವನ್ನು ಹುಟ್ಟಿಸಲಾರದೆ ಕಡಿಮೆ ಗಾಳಿಯನ್ನು ಹೆಚ್ಚು ಸದ್ದಿನೊಡನೆ ತಳ್ಳುತ್ತದೆ. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಹಾಳೆಯ ಕೊಳವೆಯ ದೋಷವೂ ಇದೇ ಬಗೆಯದು; ಅದರ ಮಡಿಕೆಗಳು ಗಾಳಿಯನ್ನು ತಡೆಯುವುದಲ್ಲದೆ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಸಿ ಕೊಳವೆ ಮಾಡುವ ತಗಡಿನ ಕೆಲಸದವರಿಂದ ನಯವಾದ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಕೊಳವೆಯನ್ನೇ ಮಾಡಿಸಿದೆ. ಪಿವಿಸಿ ಅಗ್ಗವಾಗಿ ಸಿಗುತ್ತದೆ, ಆದರೆ ಬಿಸಿ ತಾಗಿದರೆ ಮೆತ್ತಗಾಗುವ, ಬೆಂಕಿ ತಾಗಿದರೆ ವಿಷಹೊಗೆ ಬಿಡುವ ವಸ್ತುವನ್ನು ಒಲೆಯ ಮೇಲೆ ಜಿಡ್ಡಿನ ದಾರಿಯಾಗಿ ಇಡಲು ನನಗೆ ಮನಸ್ಸೊಪ್ಪಲಿಲ್ಲ. ಜೋಡಣೆಗಳಿಗೆಲ್ಲ ಅಲ್ಯೂಮಿನಿಯಂ ಟೇಪು ಸುತ್ತಿದೆವು. ಗೋಡೆಯೊಳಗಿನ ಭಾಗವನ್ನು ಹೊರಕ್ಕೆ ತುಸು ಇಳಿಜಾರಾಗಿ ಕೂರಿಸಿದ್ದರಿಂದ ಹಬೆಯ ನೀರೂ ಮಳೆಯ ಎರಚಲೂ ಒಳಗೆ ಬರುವುದಿಲ್ಲ.

ಒಂಬತ್ತಿಂಚಿನ ಇಟ್ಟಿಗೆ ಗೋಡೆಯಲ್ಲಿ ಉಳಿ ಸುತ್ತಿಗೆಯಿಂದ ಒಡೆದರೆ ಗಾರೆ ಅಗಲವಾಗಿ ಉದುರುತ್ತದೆ. ಕೋರ್ ಕಟಿಂಗ್ ಯಂತ್ರದವರನ್ನು ಕರೆಸಿ ಏಳಿಂಚಿನ ದುಂಡನೆಯ ರಂಧ್ರ ಕೊರೆಸಿದೆ. ಹೊರಗಡೆ ಪಕ್ಕದ ಮನೆಯ ಕಿಟಕಿ ಅಷ್ಟೇನೂ ದೂರವಿಲ್ಲ. ಕೊರೆಯುವ ಮೊದಲೇ ಹೋಗಿ ಹೇಳಿದಾಗ ಆ ಮನೆಯ ಹಿರಿಯರು, “ಮಾಡಿಸಿಕೊಳ್ಳಪ್ಪ, ಹೊಗೆ ನಮ್ಮ ಕಿಟಕಿಗೆ ನೇರ ಬರದಂತೆ ನೋಡಿಕೋ,” ಎಂದರು. ಗಾಳಿಯನ್ನು ಕೆಳಮುಖವಾಗಿ ಬಿಡುವ ಟೋಪಿಯನ್ನು ಅದಕ್ಕಾಗಿಯೇ ಹಾಕಿಸಿದೆ. ಅದರಲ್ಲಿ ಚಿಮಣಿ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ತಗಡಿನ ರೆಕ್ಕೆಯೂ ಇದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ಅಲ್ಲಿ ಹಾಕಬಾರದು, ಅದು ಜಿಡ್ಡಿನಿಂದ ಬಹುಬೇಗ ಕಟ್ಟಿಕೊಳ್ಳುತ್ತದೆ. ಪಾರಿವಾಳ, ಗುಬ್ಬಿಗಳನ್ನು ತಡೆಯುವಷ್ಟು ದೊಡ್ಡ ಕಣ್ಣಿನ ಜಾಲರಿ ಸಾಕು.

ಇಷ್ಟೆಲ್ಲ ಗೊತ್ತಾದ ಮೇಲೆ ಯಂತ್ರದ ಆಯ್ಕೆ ಕಷ್ಟವಾಗಲಿಲ್ಲ. ನಮ್ಮ ಅಡುಗೆಮನೆ ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರ. ಸುಮಾರು 23 ಘನಮೀಟರ್. ಗಂಟೆಗೆ 600 ಘನಮೀಟರ್ ಗಾಳಿ ನಿಜವಾಗಿ ಹೊರಹೋದರೆ ಎರಡೂಕಾಲು ನಿಮಿಷಕ್ಕೊಮ್ಮೆ ಇಡೀ ಕೋಣೆಯ ಗಾಳಿ ಬದಲಾಗುತ್ತದೆ. ಹುರಿಯುವುದು ಕರಿಯುವುದು ಎಷ್ಟೇ ಇದ್ದರೂ ಇದು ಧಾರಾಳ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಗರಿಷ್ಠ ಅಂಕಿ ಕೊಳವೆಯ ತಡೆಯನ್ನು ಲೆಕ್ಕಕ್ಕೆ ಹಿಡಿದದ್ದಲ್ಲವಾದ್ದರಿಂದ 1,000ದ ಆಸುಪಾಸಿನದನ್ನು ಕೊಂಡೆ. ಸೊಟ್ಟ ಕೊಳವೆಗೆ ಜೋಡಿಸಿದ 1,400ರ ಯಂತ್ರಕ್ಕಿಂತ ನೇರ ಕೊಳವೆಯ 1,000ದ ಯಂತ್ರ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೊಗೆಯನ್ನು ಇದ್ದಿಲಿನಲ್ಲಿ ಸೋಸಿ ಮತ್ತೆ ಒಳಗೇ ಬಿಡುವ, ಕೊಳವೆಯಿಲ್ಲದ ಮಾದರಿಯನ್ನು ನಾವು ಪರಿಗಣಿಸಲೇ ಇಲ್ಲ. ಅದು ಹಬೆಯನ್ನಾಗಲಿ, ಗ್ಯಾಸ್ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡನ್ನಾಗಲಿ ಹೊರಹಾಕುವುದಿಲ್ಲ.

ಫಿಲ್ಟರಿನಲ್ಲಿ ಜಾಲರಿಯದು ನಮ್ಮ ಅಡುಗೆಗೆ ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರೇ ಇಲ್ಲದ, ಬಿಸಿಮಾಡಿ ಜಿಡ್ಡನ್ನು ಕರಗಿಸಿ ಬಟ್ಟಲಿಗೆ ಇಳಿಸಿಕೊಳ್ಳುವ ಮಾದರಿಗಳಿಗೆ ಈಗ ಬೇಡಿಕೆ ಹೆಚ್ಚು. ನಾವು ಬ್ಯಾಫಲ್ ಫಿಲ್ಟರನ್ನು ಆರಿಸಿದೆವು. ಬಾಗಿದ ಸ್ಟೀಲ್ ಪಟ್ಟಿಗಳ ನಡುವೆ ಗಾಳಿ ಥಟ್ಟನೆ ದಿಕ್ಕು ಬದಲಿಸುವಾಗ ಭಾರವಾದ ಎಣ್ಣೆಹನಿಗಳು ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗಿಳಿಯುತ್ತವೆ. ಜಿಡ್ಡು ಎಲ್ಲಿ ಕೂತಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಕೈಯಿಂದ ತೆಗೆದು ತೊಳೆಯಬಹುದು ಎಂಬುದೇ ನನ್ನ ಪತ್ನಿಗೆ ಒಪ್ಪಿಗೆಯಾದ ಅಂಶ.

ಚಿಮಣಿಯ ತೂಕ ಹದಿನೈದು ಕಿಲೋ ಆಸುಪಾಸು. ನಮ್ಮ ಕಪಾಟಿನ ತಳ ಪಾರ್ಟಿಕಲ್ ಬೋರ್ಡಿನದು. ಅದರಲ್ಲಿ ಸ್ಕ್ರೂ ಬಹುಕಾಲ ನಿಲ್ಲುವುದಿಲ್ಲ, ಹಬೆ ತಾಗಿದರೆ ಉಬ್ಬುತ್ತದೆ. ಆದ್ದರಿಂದ ಕಪಾಟಿನೊಳಗೆ 18 ಮಿಲಿಮೀಟರ್ ಪ್ಲೈವುಡ್ ಪಟ್ಟಿಗಳನ್ನು ಹಾಕಿ, ಅವುಗಳ ಮೂಲಕ ಬೋಲ್ಟುಗಳನ್ನು ಅಗಲ ವಾಷರಿನೊಂದಿಗೆ ಇಳಿಸಿದೆವು. ಚಿಮಣಿಯ ಬೆನ್ನನ್ನು ಬೇರೆಯಾಗಿ ಗೋಡೆಗೂ ಆಂಕರ್ ಬೋಲ್ಟಿನಿಂದ ಬಿಗಿದೆವು. ಎರಡು ಜನ ಎತ್ತಿ ಹಿಡಿದು, ಮತ್ತೊಬ್ಬರು ರಸಮಟ್ಟ ಇಟ್ಟು ನೋಡಿ ಬಿಗಿಯುವ ಕೆಲಸ ಇದು. ವಿದ್ಯುತ್ತಿಗೆ ಕಪಾಟಿನ ಮೇಲ್ಭಾಗದಲ್ಲಿ, ಒಲೆಯ ಶಾಖಕ್ಕೆ ಸಿಗದ ಕಡೆ, ಅರ್ತಿಂಗ್ ಇರುವ ಪ್ರತ್ಯೇಕ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಹಾಕಿಕೊಟ್ಟರು. ಮೋಟಾರು ಎಳೆಯುವುದು ಒಂದು ಆಂಪಿಯರಿನಷ್ಟು ಮಾತ್ರ, ಆದರೆ ಮೈಯೆಲ್ಲ ಲೋಹವಾದ್ದರಿಂದ ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷಿಸದೆ ಚಾಲೂ ಮಾಡಬಾರದು.

ಹೊರಹೋಗುವಷ್ಟು ಗಾಳಿ ಒಳಗೂ ಬರಬೇಕಲ್ಲ, ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಚಿಮಣಿ ಓಡಿಸಿದರೆ ಮನೆಯೊಳಗಿನ ಒತ್ತಡ ತಗ್ಗಿ, ಸಿಕ್ಕ ಸಂದಿನಿಂದೆಲ್ಲ ಗಾಳಿ ಒಳಗೆ ನುಗ್ಗುತ್ತದೆ. ನಮ್ಮ ಪಾತ್ರೆ ತೊಳೆಯುವ ಜಾಗದಲ್ಲಿ ಹೊಗೆಕೊಳವೆಯಿಲ್ಲದ ಗ್ಯಾಸ್ ಗೀಸರ್ ಇತ್ತು. ಅದರ ಉರಿಯ ಅನಿಲಗಳನ್ನು ಚಿಮಣಿ ಮನೆಯೊಳಕ್ಕೆ ಎಳೆದುಕೊಳ್ಳುವ ಅಪಾಯವಿದ್ದುದರಿಂದ ಅದನ್ನು ಮೊದಲು ಹಿತ್ತಲಿನ ತೆರೆದ ಗೋಡೆಗೆ ಸಾಗಿಸಿದೆವು. ಹಳೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿ ಚಿಮಣಿಗೆ ಹತ್ತಿರವಿದೆ, ಅಲ್ಲಿಂದ ಬಂದ ಗಾಳಿ ಹೊಗೆಯನ್ನು ಮುಟ್ಟದೆ ಚಿಮಣಿಗೇ ಹೋಗಿಬಿಡುತ್ತದೆ, ಅದನ್ನು ಮುಚ್ಚಿಸಿದೆ. ಒಲೆಯ ಪಕ್ಕದ ಕಿಟಕಿಯನ್ನು ಅಡುಗೆಯ ಹೊತ್ತಿನಲ್ಲಿ ಹಾಕಿ, ನಡುಮನೆಯ ಕಡೆಯ ಬಾಗಿಲನ್ನೂ ಅಲ್ಲಿನ ಒಂದು ಕಿಟಕಿಯನ್ನೂ ತೆರೆದಿಡುತ್ತೇವೆ.

ಫಿಲ್ಟರಿಗೆ ಕಾಗದ ಅಂಟಿಸಿ ತೋರಿಸುವ ಪರೀಕ್ಷೆಗೆ ಬೆಲೆಯಿಲ್ಲ, ಎಂಥ ಚಿಮಣಿಗೂ ಕಾಗದ ಅಂಟಿಕೊಳ್ಳುತ್ತದೆ. ಊದುಬತ್ತಿ ಹಚ್ಚಿ ಮುಂದಿನ ಬರ್ನರಿನ ಅಂಚಿನಲ್ಲಿ ಹಿಡಿದು ನೋಡಿ. ಮಧ್ಯಮ ವೇಗದಲ್ಲಿಯೇ ಹೊಗೆಯ ಎಳೆ ಹಿಂದಕ್ಕೆ ಬಾಗಿ ಚಿಮಣಿಯೊಳಗೆ ಹೋದರೆ ಜೋಡಣೆ ಸರಿಯಾಗಿದೆ. ಒಲೆ ಹಚ್ಚುವ ಎರಡು ನಿಮಿಷ ಮೊದಲು ಕಡಿಮೆ ವೇಗದಲ್ಲಿ ಹಾಕಿ, ಒಗ್ಗರಣೆಗೂ ದೋಸೆಗೂ ಹೆಚ್ಚಿಸಿ, ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಓಡಲು ಬಿಡುತ್ತೇವೆ. ಹಾಲು ಕಾಯಿಸುವಾಗಲೂ ಹಾಕಬೇಕು, ಏಕೆಂದರೆ ಎಣ್ಣೆ ಇಲ್ಲದಿದ್ದರೂ ಗ್ಯಾಸ್ ಉರಿಯೇ ನೈಟ್ರೋಜನ್ ಡೈಆಕ್ಸೈಡನ್ನು ಬಿಡುತ್ತದೆ. ಬಾಣಲೆಯ ಎಣ್ಣೆಗೇನಾದರೂ ಬೆಂಕಿ ಹತ್ತಿದರೆ ಗ್ಯಾಸನ್ನೂ ಚಿಮಣಿಯನ್ನೂ ಆರಿಸಿ ತಟ್ಟೆ ಮುಚ್ಚಬೇಕು. ಚಿಮಣಿ ಓಡುತ್ತಿದ್ದರೆ ಜ್ವಾಲೆಯನ್ನು ಕೊಳವೆಗೆ ಎಳೆದುಕೊಳ್ಳುತ್ತದೆ.

ಫಿಲ್ಟರುಗಳನ್ನು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿಟ್ಟು ತೊಳೆಯುತ್ತೇವೆ. ಅವು ಸ್ಟೇನ್‌ಲೆಸ್ ಸ್ಟೀಲಿನವು ಆಗಿರುವುದರಿಂದ ಇದು ಸಾಧ್ಯ, ಅಲ್ಯೂಮಿನಿಯಂ ಫಿಲ್ಟರನ್ನು ಸೋಡಾ ತಿಂದುಹಾಕುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಸಾಬೂನು ಮಾತ್ರ. ಫಿಲ್ಟರ್ ತೆಗೆದಾಗ ಬ್ಲೋವರಿನ ಸುತ್ತ ಬಟ್ಟೆಯಿಂದ ಒರೆಸಿ, ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಹೊರಗಿನ ರೆಕ್ಕೆ ಸಲೀಸಾಗಿ ಆಡುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ.