ಲಾಗಿನ್ ಆಗುತ್ತದೆ, ಫೋಟೊ ಕಾಣಿಸುವುದಿಲ್ಲ: ಮನೆಯ ಎಫ್‌ಟಿಪಿ ಸರ್ವರ್ ಸರಿಪಡಿಸುವುದು ಹೇಗೆ?

ಬಳ್ಳಾರಿಯ ಸ್ಟುಡಿಯೊ ಒಂದರ ಮದುವೆ ಫೋಟೊಗಳೆಲ್ಲ ಮನೆಯ ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕ್‌ಗೆ ಜೋಡಿಸಿದ ಹಾರ್ಡ್‌ಡಿಸ್ಕ್‌ನಲ್ಲಿ ಇವೆ, ಆಲ್ಬಂ ಡಿಸೈನ್ ಮಾಡುವವರು ಸಿರುಗುಪ್ಪದಲ್ಲಿದ್ದಾರೆ ಎಂದುಕೊಳ್ಳಿ. ಫೋಟೊ ತಲುಪಿಸಲು ಎಫ್‌ಟಿಪಿ (ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ವಿಧಾನ) ಚಾಲೂ ಮಾಡಿದ್ದೀರಿ. ನಿನ್ನೆ ನಡೆಯಿತು, ಇವತ್ತು ಇಲ್ಲ. ಹೆಚ್ಚಿನವರು ಮೊದಲು ಕೈ ಹಾಕುವುದು ಪಾಸ್‌ವರ್ಡ್‌ಗೆ. ಅದು ಆಮೇಲೆ. ಮನೆಯೊಳಗಿನಿಂದ ಶುರುಮಾಡಿ ಹೊರಕ್ಕೆ ಹೋಗಿ.

ಮನೆಯ ವೈಫೈಯಲ್ಲೇ, 192.168ರಿಂದ ಶುರುವಾಗುವ ನ್ಯಾಸ್‌ನ ವಿಳಾಸ ಹಾಕಿ ಫೈಲ್‌ಜಿಲ್ಲಾದಂಥ ತಂತ್ರಾಂಶದಲ್ಲಿ ಪರೀಕ್ಷಿಸಿ. ಬ್ರೌಸರ್ ಬೇಡ, ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿ ಕೈಬಿಟ್ಟಿವೆ. ಸಂಪರ್ಕವೇ ಸಿಗದಿದ್ದರೆ ವಿಳಾಸ ಬದಲಾಗಿರಬಹುದು. ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಶುರುವಾದಾಗ ನ್ಯಾಸ್‌ಗೆ ಬೇರೆ ವಿಳಾಸ ಕೊಡುವುದುಂಟು. ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ನ್ಯಾಸ್‌ಗೆ ಒಂದೇ ವಿಳಾಸ ಕಾಯ್ದಿರಿಸಿದರೆ ಆ ಕಾಟ ತಪ್ಪುತ್ತದೆ.

ಒಳಗೆ ಸಿಕ್ಕರೂ ಕೆಲಸವಾಗದಿದ್ದರೆ ಸರ್ವರ್ ಹೇಳುವ ಸಂಖ್ಯೆ ಓದಿ. 530 ಬಂದರೆ ಲಾಗಿನ್ ತಪ್ಪು. ಪಾಸ್‌ವರ್ಡ್ ನೋಡಬೇಕಾದದ್ದು ಈಗ. 550 ಬಂದರೆ ಆ ಫೋಲ್ಡರ್‌ಗೆ ಅನುಮತಿಯಿಲ್ಲ, ಇಲ್ಲವೇ ಫೈಲೇ ಇಲ್ಲ.

ಇನ್ನು ಮೊಬೈಲ್ ಡೇಟಾದಿಂದ ನೋಡಿ. ಮನೆಯ ವೈಫೈಯಲ್ಲೇ ಕೂತು ಹೊರಗಿನ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಮನೆಗಿರುವ ವಿಳಾಸ) ಹಾಕಿದರೆ ಎಷ್ಟೋ ರೂಟರ್‌ಗಳು ಒಪ್ಪುವುದಿಲ್ಲ. ಲಾಗಿನ್ ಆಗಿ, ಫೈಲ್ ಪಟ್ಟಿ ಮಾತ್ರ ಬಾರದೆ ನಿಂತಿತೇ? ತೊಂದರೆ ಇರುವುದು ಇಲ್ಲೇ. ಪೋರ್ಟ್ ಎಂದರೆ ಸಂಪರ್ಕ ಬರುವ, ಸಂಖ್ಯೆ ಹಾಕಿದ ಬಾಗಿಲು. ಎಫ್‌ಟಿಪಿ 21ನೇ ಪೋರ್ಟ್‌ನಲ್ಲಿ ಬರೀ ಮಾತಾಡುತ್ತದೆ. ಪಟ್ಟಿ, ಫೈಲ್ ಸಾಗಿಸಲು ಪ್ರತಿ ಸಲ ಬೇರೊಂದು ಪೋರ್ಟ್ ತೆರೆಯುತ್ತದೆ. ರೂಟರ್‌ನಲ್ಲಿ 21 ಅನ್ನು ಮಾತ್ರ ಫಾರ್ವರ್ಡ್ ಮಾಡುವುದೆಂದರೆ, ಅಂದರೆ ಅದಕ್ಕೆ ಬಂದದ್ದನ್ನಷ್ಟೇ ನ್ಯಾಸ್‌ಗೆ ದಾಟಿಸುವುದೆಂದರೆ, ಅಂಗಡಿ ಕೌಂಟರ್ ತೆರೆದು ಗೋದಾಮಿಗೆ ಬೀಗ ಹಾಕಿದಂತೆ. ನ್ಯಾಸ್‌ನ ಎಫ್‌ಟಿಪಿ ಸೆಟ್ಟಿಂಗ್‌ನಲ್ಲಿ ಪ್ಯಾಸಿವ್ ಪೋರ್ಟ್‌ಗಳಿಗೆ (ಫೈಲ್ ಸಾಗಿಸಲು ಸರ್ವರ್ ತೆರೆಯುವ ಆ ಬೇರೆ ಪೋರ್ಟ್‌ಗಳಿಗೆ) 50000ರಿಂದ 50050ರಂಥ ಮಿತಿ ಹಾಕಿ, ಅಷ್ಟನ್ನೂ ರೂಟರ್‌ನಲ್ಲಿ ನ್ಯಾಸ್‌ಗೆ ಫಾರ್ವರ್ಡ್ ಮಾಡಿ, ನ್ಯಾಸ್‌ನದೇ ಫೈರ್‌ವಾಲ್‌ನಲ್ಲೂ ಬಿಡಿ. ಪ್ಯಾಸಿವ್‌ನಲ್ಲಿ ಹೊರಗಿನ ಐಪಿ ತಿಳಿಸುವ ಆಯ್ಕೆಯಿದ್ದರೆ ಟಿಕ್ ಮಾಡಿ. ಇಲ್ಲದಿದ್ದರೆ ಸರ್ವರ್ ಸಿರುಗುಪ್ಪದವರಿಗೂ 192.168ರ ವಿಳಾಸವನ್ನೇ ಹೇಳಿ ಕಳಿಸಬಹುದು. ಅಲ್ಲಿಂದ ಅದು ಸಿಗುವುದಿಲ್ಲ.

ಲಾಗಿನ್ ಪರದೆಯವರೆಗೂ ಹೋಗದಿದ್ದರೆ ರೂಟರ್‌ನ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಗಿನ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ಹೊರಗಿನ ವಿಳಾಸ ನಿಮ್ಮೊಬ್ಬರದಲ್ಲ. ಇಂಟರ್‌ನೆಟ್ ಕಂಪನಿ ಒಂದನ್ನೇ ಹಲವರಿಗೆ ಹಂಚಿದೆ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ. ಕಂಪನಿಯನ್ನು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಮೀಸಲಾದ, ಬದಲಾಗದ ವಿಳಾಸ ಕೇಳಿ.

ನನ್ನನ್ನು ಕೇಳಿದರೆ ಬರಿಯ ಎಫ್‌ಟಿಪಿಯನ್ನು ಹೊರಗೆ ತೆರೆಯಲೇಬಾರದು. ಪಾಸ್‌ವರ್ಡ್ ಅದರಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಮನೆಯೊಳಗೆ ಅದು ಸರಿಹೋದ ಮೇಲೆ ಹೊರಗಿನವರಿಗೆ ಎಸ್‌ಎಫ್‌ಟಿಪಿ (ಪಾಸ್‌ವರ್ಡ್, ಫೈಲ್ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ವಿಧಾನ) ಚಾಲೂ ಮಾಡಿ. ಅದಕ್ಕೆ ಒಂದೇ ಪೋರ್ಟ್ ಸಾಕು, ಸಾಮಾನ್ಯವಾಗಿ 22. ಪ್ಯಾಸಿವ್ ತಲೆನೋವೂ ಇಲ್ಲ. ಡಿಸೈನರ್‌ಗೆ ಅಡ್ಮಿನ್ ಖಾತೆ ಬೇಡ, ಆ ಮದುವೆಯ ಫೋಲ್ಡರ್ ಮಾತ್ರ ಕಾಣುವ ಬೇರೆ ಖಾತೆ ಮಾಡಿಕೊಡಿ.