ಊರಿನ ಹಳೆಯ ವಕೀಲ-ಪತ್ರಕರ್ತ-ಶಾಸಕರ ಬದುಕನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಮೊದಲು ಆ ಊರು ಆಗ ಯಾರ ಆಡಳಿತದಲ್ಲಿತ್ತು ಎಂದು ಗೊತ್ತುಮಾಡಿಕೊಳ್ಳಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿ ಪ್ರಾಂತ್ಯದವು. ಮಂಗಳೂರು, ಬಳ್ಳಾರಿ ಮದ್ರಾಸಿನವು. ಕಲಬುರಗಿ, ರಾಯಚೂರು, ಬೀದರ್ ನಿಜಾಮರವು. ಕಡತಗಳೂ ಹಾಗೆಯೇ ಮುಂಬಯಿ, ಚೆನ್ನೈ, ಹೈದರಾಬಾದಿನ ಪತ್ರಾಗಾರಗಳಿಗೆ ಹಂಚಿಹೋಗಿವೆ. ಹಳೆ ಮೈಸೂರಿನವು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ಹುಬ್ಬಳ್ಳಿಯ ವಕೀಲರಿಗಾಗಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕೂತರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ.

ಹೆಚ್ಚು ಎಡವುವುದು ಶಾಸಕತ್ವದ ವಿಷಯದಲ್ಲಿ. ಮನೆಯವರು ‘ಎಂ.ಎಲ್.ಸಿ. ಆಗಿದ್ದರು’ ಎಂದರೆ ಕೂಡಲೇ ಮೇಲ್ಮನೆ ಸದಸ್ಯರೆಂದು ಬರೆಯಬೇಡಿ. ಮುಂಬಯಿ, ಮದ್ರಾಸುಗಳಲ್ಲಿ 1937ಕ್ಕೆ ಮೊದಲು ಪ್ರಾಂತ್ಯಕ್ಕೆ ಇದ್ದದ್ದೇ ಲೆಜಿಸ್ಲೇಟಿವ್ ಕೌನ್ಸಿಲ್ ಎಂಬ ಒಂದೇ ಸಭೆ, ಅದರ ಸದಸ್ಯರೇ ಎಂ.ಎಲ್.ಸಿ.ಗಳು. ಮೈಸೂರಿನಲ್ಲಿ ಎರಡು ಸಭೆಗಳಿದ್ದವು: 1881ರ ಪ್ರಜಾಪ್ರತಿನಿಧಿ ಸಭೆ, 1907ರ ನ್ಯಾಯವಿಧಾಯಕ ಸಭೆ. ‘ಕರ್ನಾಟಕ’ ಪತ್ರಿಕೆಯ ಡಿ.ವಿ.ಜಿ. ಕೂತದ್ದು ಎರಡನೆಯದರಲ್ಲಿ. ‘ತಾತ ದಸರಾಕ್ಕೆ ಸಭೆಗೆ ಹೋಗುತ್ತಿದ್ದರು’ ಎಂಬ ಮಾತು ಸಿಕ್ಕರೆ ಮೊದಲು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ತೆರೆಯಿರಿ. ಅದು ಮೈಸೂರಿನಲ್ಲಿ ದಸರಾ ಹೊತ್ತಿಗೇ ಸೇರುತ್ತಿತ್ತು. ಇಂಗ್ಲಿಷ್ ಸೂಚಿಯಲ್ಲಿ ‘ರಾವ್’ ಎಷ್ಟೋ ಕಡೆ ಆರ್-ಓ-ಡಬ್ಲ್ಯು ಎಂದು ಅಚ್ಚಾಗಿದೆ, ಎರಡೂ ಕಾಗುಣಿತ ನೋಡಿ.

ಪತ್ರಿಕೆ ಸಿಕ್ಕರೆ ಕೊನೆಯ ಪುಟದ ಅಡಿಯ ಸಣ್ಣಕ್ಷರದ ಸಾಲನ್ನು ಮೊದಲು ಓದಿ. ಬ್ರಿಟಿಷ್ ಆಡಳಿತದ ಊರುಗಳಲ್ಲಿ 1867ರ ಪತ್ರಿಕಾ ಕಾಯಿದೆ 1922ರ ತಿದ್ದುಪಡಿಗೆ ಮೊದಲು ಕೇಳುತ್ತಿದ್ದದ್ದು ಮುದ್ರಕ, ಪ್ರಕಾಶಕರ ಹೆಸರು, ಸ್ಥಳ. ಅಲ್ಲಿ ಬೇರೆಯವರ ಹೆಸರಿದ್ದ ಮಾತ್ರಕ್ಕೆ ನಿಮ್ಮವರು ಸಂಪಾದಕರಲ್ಲ ಎಂದಾಗದು. ಸಂಚಿಕೆಗಳೇ ಉಳಿದಿಲ್ಲವಾದರೆ ದೇಶಭಾಷಾ ಪತ್ರಿಕೆಗಳ ಮೇಲೆ ಸರ್ಕಾರ ಇಂಗ್ಲಿಷಿನಲ್ಲಿ ಮಾಡಿಸುತ್ತಿದ್ದ ವಾರದ ಸಾರಾಂಶ ವರದಿಗಳಿವೆ. ಯಾರನ್ನು ಕೆಣಕಿ ಬರೆದರು ಎಂಬುದು ಎಷ್ಟೋ ಸಲ ಅವುಗಳಲ್ಲೇ ತಿಳಿಯುತ್ತದೆ.

ತಾರೀಖಿನಲ್ಲಿ ಜೋಕೆ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ. 1927ರ ಯುಗಾದಿಗೆ ಪ್ರಭವ ಶುರುವಾಯಿತು, ಆದರೆ ಪ್ರಭವದ ಮಾಘ ಬಿದ್ದದ್ದು 1928ರಲ್ಲಿ. ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಅಜ್ಜನ ಲೇಖನ ಮೊಮ್ಮಗನ ಕಾಲಕ್ಕೆ ಹೋಗಿ ಕೂರಬಹುದು.

ಹಳೆಯ ಪತ್ರಿಕೆಯ ಕಾಗದ ಮಡಿಕೆಯಲ್ಲೇ ಮುರಿಯುತ್ತದೆ. ಜೆರಾಕ್ಸ್ ಯಂತ್ರದ ಮೇಲೆ ಒತ್ತಬೇಡಿ. ಮೇಜಿನ ಮೇಲೆ ಹರಡಿ, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಸಂಪುಟ, ಸಂಚಿಕೆ ಸಂಖ್ಯೆ ಚೌಕಟ್ಟಿನೊಳಗೆ ಬರಲಿ.

ವಕೀಲಿಯ ವಿಷಯದಲ್ಲಿ ಸನದು, ಅಂದರೆ ವಕೀಲಿ ನಡೆಸಲು ಕೊಟ್ಟ ಅಧಿಕಾರಪತ್ರ, ಸಿಕ್ಕರೆ ಭಾಗ್ಯ. ಕೋರ್ಟಿನ ಕಡತಗಳಲ್ಲಿ ಬಹಳಷ್ಟನ್ನು ಅವಧಿ ಮುಗಿದ ಮೇಲೆ ನಾಶಮಾಡಿರುತ್ತಾರೆ. ಆದ್ದರಿಂದ ಕಕ್ಷಿದಾರರ ಮನೆಗಳಲ್ಲಿ ಜಮೀನು ಪತ್ರಗಳ ಜೊತೆ ಕಟ್ಟಿಟ್ಟ ಡಿಕ್ರಿಯ (ತೀರ್ಪಿನ ಮೇಲೆ ಕೋರ್ಟು ಹೊರಡಿಸಿದ ಆದೇಶದ) ನಕಲುಗಳನ್ನು ಕೇಳಿ. ಯಾರ ಪರ ಯಾವ ವಕೀಲರು ಎಂಬುದು ಅದರಲ್ಲಿರುತ್ತದೆ.